ಮಾತು ಕೇಳಿಸುತ್ತಿಲ್ಲವೆ? ಮಧ್ಯದ ಸ್ಪೀಕರ್ ಬದಲಿಸುವ ಮುನ್ನ

ಟಿವಿಯಲ್ಲಿ ಸಿನಿಮಾ ನಡೆಯುತ್ತಿದೆ. ಮಳೆಯ ಸದ್ದು, ಗುಡುಗು, ಹಿನ್ನೆಲೆ ಸಂಗೀತ ಎಲ್ಲವೂ ಹಾಲ್ ತುಂಬ ಮೊಳಗುತ್ತವೆ. ಪಾತ್ರಗಳ ಮಾತು ಮಾತ್ರ ಗೊಣಗಿದಂತೆ ಕೇಳುತ್ತದೆ. 'ಏನಂದ?' ಎಂದು ಮನೆಯ ಹಿರಿಯರು ಪಕ್ಕದವರನ್ನು ಕೇಳುತ್ತಾರೆ. ನೀವು ರಿಮೋಟ್ ಹಿಡಿದು ಧ್ವನಿ ಹೆಚ್ಚಿಸುತ್ತೀರಿ. ಮರುಕ್ಷಣವೇ ಹೊಡೆದಾಟದ ದೃಶ್ಯ. ಎಲ್ಲರೂ ಕಿವಿ ಮುಚ್ಚಿಕೊಳ್ಳಬೇಕು! ಕೊನೆಗೆ 'ಮಧ್ಯದ ಸ್ಪೀಕರ್ ಸರಿಯಿಲ್ಲ, ದೊಡ್ಡದೊಂದು ತರೋಣ' ಎಂದು ತೀರ್ಮಾನಿಸುತ್ತೀರಿ. ಹಣ ತೆರುವ ಮೊದಲು ಆ ಸ್ಪೀಕರ್ ಮಾಡುವ ಕೆಲಸವೇನೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಮಧ್ಯದಲ್ಲೇಕೆ ಒಂದು ಸ್ಪೀಕರ್?

5.1 ಹೋಮ್ ಥಿಯೇಟರ್‌ನಲ್ಲಿ ಮುಂದುಗಡೆ ಎಡ, ಮಧ್ಯ, ಬಲ ಎಂದು ಮೂರು ಸ್ಪೀಕರ್‌ಗಳು, ಕೇಳುಗರ ಅಕ್ಕಪಕ್ಕ ಅಥವಾ ತುಸು ಹಿಂದೆ ಎರಡು. '.1' ಎಂಬುದು ಅತಿ ತಗ್ಗು ಸ್ವರಗಳಿಗಾಗಿ ಇರುವ ಸಬ್‌ವೂಫರ್. ಸಿನಿಮಾದ ಮಾತುಗಳ ಬಹುಪಾಲು ಮಧ್ಯದ ಸ್ಪೀಕರಿಗೇ ಬರುತ್ತದೆ.

ಈ ವ್ಯವಸ್ಥೆ ಹೊಸದಲ್ಲ. 1933ರ ಏಪ್ರಿಲ್ 27ರಂದು ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ವಾಷಿಂಗ್ಟನ್ನಿನ ಸಭಿಕರಿಗೆ ಕೇಳಿಸಿದರು. ಅದಕ್ಕೆ ಅವರು ಬಳಸಿದ್ದು ಮೂರು ವಾಹಿನಿಗಳನ್ನು: ಎಡ, ಮಧ್ಯ ಮತ್ತು ಬಲ. 1940ರಲ್ಲಿ ತೆರೆಕಂಡ ಡಿಸ್ನಿಯ 'ಫ್ಯಾಂಟೇಸಿಯ' ಚಿತ್ರಕ್ಕೂ ತೆರೆಯ ಹಿಂದೆ ಮೂರು ವಾಹಿನಿಗಳಿದ್ದವು.

ಎಡ-ಬಲಗಳೆರಡೇ ಸಾಲದೆ? ಎರಡರಿಂದಲೂ ಒಂದೇ ಧ್ವನಿ ಹೊರಟರೆ ಅದು ನಡುವಿನಿಂದ ಬಂದಂತೆ ನಮಗೆ ಭಾಸವಾಗುತ್ತದೆ, ನಿಜ. ಆದರೆ ಈ ಭ್ರಮೆ ಸರಿಯಾಗಿ ಮಧ್ಯದಲ್ಲಿ ಕುಳಿತವರಿಗೆ ಮಾತ್ರ. ಮೊದಲು ತಲುಪಿದ ಧ್ವನಿಯ ದಿಕ್ಕನ್ನೇ ನಮ್ಮ ಮಿದುಳು ನಂಬುತ್ತದೆ. ಹಾಗಾಗಿ ಬದಿಯಲ್ಲಿ ಕುಳಿತವರಿಗೆ ಮಾತು ಹತ್ತಿರದ ಸ್ಪೀಕರಿನಿಂದಲೇ ಕೇಳುತ್ತದೆ. ಮಧ್ಯದಲ್ಲಿ ಕುಳಿತವರಿಗೂ ತೊಂದರೆ ತಪ್ಪಿದ್ದಲ್ಲ. ಪ್ರತಿಯೊಂದು ಕಿವಿಗೂ ಎರಡೂ ಸ್ಪೀಕರ್‌ಗಳ ಧ್ವನಿ ಬರುತ್ತದೆ. ದೂರದ ಸ್ಪೀಕರಿನದು ಸುಮಾರು 0.25 ಮಿಲಿಸೆಕೆಂಡ್ ತಡ. ಇದರಿಂದ 2000 ಹರ್ಟ್ಸ್ ಆಸುಪಾಸಿನ ಧ್ವನಿ ಕುಗ್ಗುತ್ತದೆ.

ವ್ಯಂಜನಗಳ ಮಹತ್ವ

ಕಾಲು, ಹಾಲು, ಸಾಲು, ಪಾಲು ಎಂದು ಹೇಳಿ ನೋಡಿ. ಬದಲಾಗುವುದು ಮೊದಲ ವ್ಯಂಜನ ಮಾತ್ರ. ಸ್ವರಗಳ ಶಕ್ತಿಯಲ್ಲಿ ಹೆಚ್ಚಿನದು 1000 ಹರ್ಟ್ಸ್‌ಗಿಂತ ಕೆಳಗಿದೆ. ಪದವನ್ನು ಗುರುತಿಸಲು ನೆರವಾಗುವ ವ್ಯಂಜನಗಳು ಬಹುಮಟ್ಟಿಗೆ ಅದಕ್ಕಿಂತ ಮೇಲಿನ ಆವೃತ್ತಿಗಳಲ್ಲಿವೆ. ಅವುಗಳ ಶಕ್ತಿಯೂ ಕಡಿಮೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಆವೃತ್ತಿಗಳನ್ನೇ. ಆದ್ದರಿಂದಲೇ ಹಿರಿಯರು 'ಧ್ವನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ' ಎನ್ನುವುದು.

ಅಡ್ಡ ಮಲಗಿದ ಸ್ಪೀಕರ್

ಟಿವಿಯ ಕೆಳಗೆ ಹಿಡಿಸಲೆಂದು ಮಧ್ಯದ ಸ್ಪೀಕರನ್ನು ಅಡ್ಡಲಾಗಿ ತಯಾರಿಸುತ್ತಾರೆ. ನಡುವೆ ಒಂದು ಚಿಕ್ಕ ಟ್ವೀಟರ್, ಅದರ ಎರಡೂ ಪಕ್ಕ ಒಂದೊಂದು ವೂಫರ್. ನೋಡಲು ಚೆಂದ, ಆದರೆ ಇಲ್ಲೊಂದು ಭೌತವಿಜ್ಞಾನದ ತೊಡಕಿದೆ.

ವೂಫರ್‌ಗಳ ಕೇಂದ್ರಗಳ ನಡುವೆ 34 ಸೆಂಟಿಮೀಟರ್ ಅಂತರವಿದೆಯೆಂದುಕೊಳ್ಳಿ. ನೀವು 3 ಮೀಟರ್ ದೂರದಲ್ಲಿ, ಮಧ್ಯರೇಖೆಯಿಂದ 1.7 ಮೀಟರ್ ಪಕ್ಕಕ್ಕೆ ಕುಳಿತಿದ್ದೀರಿ. ಆಗ ಕೋನ ಸುಮಾರು 30 ಡಿಗ್ರಿ. ಒಂದು ವೂಫರಿನ ಧ್ವನಿ ಇನ್ನೊಂದಕ್ಕಿಂತ ಸುಮಾರು 17 ಸೆಂಟಿಮೀಟರ್ ಹೆಚ್ಚು ದೂರ ಬರಬೇಕು. 1000 ಹರ್ಟ್ಸ್ ಧ್ವನಿಯ ತರಂಗದೂರ ಗಾಳಿಯಲ್ಲಿ ಸುಮಾರು 34 ಸೆಂಟಿಮೀಟರ್. 17 ಎಂದರೆ ಸರಿಯಾಗಿ ಅದರ ಅರ್ಧ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಧ್ವನಿ ಅಳಿಸಿಹೋಗುತ್ತದೆ. ಇದೇ ವ್ಯತಿಕರಣ. ಮಾತಿನ ನಟ್ಟನಡುವಿನ ಆವೃತ್ತಿಗೇ ಪೆಟ್ಟು! ಪೆಟ್ಟಿಗೆ ದೊಡ್ಡದಾಗಿ ವೂಫರ್‌ಗಳ ಅಂತರ ಹೆಚ್ಚಿದರೆ ಈ ದೋಷ ಇನ್ನೂ ಚಿಕ್ಕ ಕೋನದಲ್ಲೇ ತಲೆಹಾಕುತ್ತದೆ. ದೊಡ್ಡ ಸ್ಪೀಕರ್ ಎಂದರೆ ಸ್ಪಷ್ಟ ಮಾತು ಎನ್ನುವಂತಿಲ್ಲ.

ಕೊಳ್ಳುವ ಮೊದಲು

ಖರ್ಚಿಲ್ಲದ ಕೆಲಸಗಳನ್ನು ಮೊದಲು ಮಾಡಿ.

1. ಟಿವಿ ಅಥವಾ ಸೆಟ್‌ಟಾಪ್ ಬಾಕ್ಸ್‌ನ ಧ್ವನಿ ವಿಭಾಗವನ್ನು ನೋಡಿ. ಹೊರಹೋಗುವ ಧ್ವನಿ ಎರಡೇ ವಾಹಿನಿಗಳಿಗೆ ಸೀಮಿತವಾಗಿದ್ದರೆ ಮಧ್ಯದ ಸ್ಪೀಕರಿಗೆ ಬೇರೆಯಾದ ಮಾತಿನ ವಾಹಿನಿ ಬರುವುದೇ ಇಲ್ಲ.

2. ಸ್ಪೀಕರ್ ಷೋಕೇಸಿನ ಗೂಡಿನೊಳಗಿದ್ದರೆ ಮುಂದಿನ ಅಂಚಿಗೆ ಎಳೆದಿಡಿ. ಗೂಡಿನ ಗೋಡೆಗಳು ಧ್ವನಿಯನ್ನು ದಪ್ಪಗಾಗಿಸುತ್ತವೆ. ಸ್ಪೀಕರ್ ತಗ್ಗಿನಲ್ಲಿದ್ದರೆ ಮುಂಭಾಗದ ಕೆಳಗೆ ರಬ್ಬರ್ ತುಂಡಿಟ್ಟು ಅದರ ಮುಖವನ್ನು ಕಿವಿಯತ್ತ ಎತ್ತಿ.

3. ರಿಸೀವರ್‌ನಲ್ಲಿ ಪ್ರತಿಯೊಂದು ಸ್ಪೀಕರಿನ ದೂರವನ್ನೂ ಸರಿಯಾಗಿ ನಮೂದಿಸಿ. ಒಂದು ಮೀಟರಿಗೆ ಧ್ವನಿ ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬಳಿಕ ಮಧ್ಯದ ವಾಹಿನಿಯನ್ನಷ್ಟೇ 2ರಿಂದ 3 ಡೆಸಿಬೆಲ್ ಏರಿಸಿ ನೋಡಿ. ರಾತ್ರಿ ಬಳಕೆಗೆಂದು ಇರುವ 'ನೈಟ್ ಮೋಡ್' ಗದ್ದಲವನ್ನು ತಗ್ಗಿಸಿ ಮಾತನ್ನು ಮೇಲೆತ್ತುತ್ತದೆ.

4. ಟೈಲ್ಸ್ ನೆಲ, ಬೋಳು ಗೋಡೆಗಳಿಂದ ಧ್ವನಿ ಮತ್ತೆ ಮತ್ತೆ ಪ್ರತಿಫಲಿಸಿ ಮಾತನ್ನು ಕಲಸುತ್ತದೆ. ಸ್ಪೀಕರಿನ ಮುಂದೆ ಜಮಖಾನೆ ಹಾಸಿ. ಕಿಟಕಿಗೆ ದಪ್ಪ ಪರದೆ ಹಾಕಿ. ಫ್ಯಾನಿನ ವೇಗ ತಗ್ಗಿಸಿದರೂ ವ್ಯತ್ಯಾಸ ತಿಳಿಯುತ್ತದೆ.

ಕೊಳ್ಳುವುದಾದರೆ

ಇಷ್ಟಾದರೂ ಮಾತು ಸ್ಪಷ್ಟವಾಗದಿದ್ದರೆ ಹೊಸದನ್ನು ಕೊಳ್ಳಿ. ಎಡ-ಬಲದ ಸ್ಪೀಕರ್‌ಗಳ ಸರಣಿಯದೇ ಆಗಿದ್ದರೆ ಲೇಸು. ಇಲ್ಲವಾದರೆ ತೆರೆಯ ಮೇಲೆ ನಡೆದುಹೋಗುವ ಪಾತ್ರದ ದನಿ ಅರ್ಧದಾರಿಯಲ್ಲೇ ಬೇರೆಯವರದಾದಂತೆ ಕೇಳುತ್ತದೆ. ಜಾಗವಿದ್ದರೆ ಎಡ-ಬಲದಂಥದೇ ಮೂರನೆಯ ಸ್ಪೀಕರನ್ನು ನೆಟ್ಟಗೆ ನಿಲ್ಲಿಸುವುದು ಎಲ್ಲಕ್ಕಿಂತ ಉತ್ತಮ. ಅಡ್ಡ ಸ್ಪೀಕರೇ ಬೇಕೆಂದರೆ, ಟ್ವೀಟರಿನ ಮೇಲೆ ಅಥವಾ ಕೆಳಗೆ ಮಧ್ಯಮ ಆವೃತ್ತಿಗಳಿಗೆಂದೇ ಒಂದು ಪುಟ್ಟ ಘಟಕವಿರುವುದನ್ನು ಆರಿಸಿ. ಆಗ ಮಾತಿನ ಆವೃತ್ತಿಗಳ ಬಹುಭಾಗ ಒಂದೇ ಬಿಂದುವಿನಿಂದ ಹೊರಡುತ್ತದೆ.

ಹಿಂಬದಿಯ ಚೀಟಿಯನ್ನೂ ಓದಿ. ಸಂವೇದನೆ 90ರ ಬದಲು 87 ಡೆಸಿಬೆಲ್ ಇದ್ದರೆ ಅಷ್ಟೇ ಧ್ವನಿಗೆ ಎರಡರಷ್ಟು ವಾಟ್ ಬೇಕು. ನಿಮ್ಮ ಆಂಪ್ಲಿಫೈಯರ್ 8 ಓಮ್‌ಗೆ ಎಂದಿದ್ದರೆ 4 ಓಮ್ ಸ್ಪೀಕರ್ ಜೋಡಿಸಬೇಡಿ. ಅದು ಬಿಸಿಯಾಗಿ ಕೆಡಬಹುದು.

ಅಂಗಡಿಯಲ್ಲಿ ಸ್ಫೋಟದ ದೃಶ್ಯ ಹಾಕಿ ತೋರಿಸಿದರೆ ಮರುಳಾಗಬೇಡಿ. ವಾರ್ತೆ ಓದುವವರ ದನಿ ಹಾಕಲು ಹೇಳಿ, ಬದಿಯ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿ ಕೇಳಿ. ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ. ಅವರಿಗೆ ಪ್ರತಿ ಪದವೂ ತಿಳಿದರೆ ಸ್ಪೀಕರ್ ಒಳ್ಳೆಯದು. ಎದುರಿಗೆ ಕುಳಿತು ಆಡಿದ ಮಾತೂ ಅವರಿಗೆ ತಿಳಿಯದಿದ್ದರೆ, ಅಂಗಡಿಗಿಂತ ಮೊದಲು ಕಿವಿಯ ವೈದ್ಯರಲ್ಲಿಗೆ ಹೋಗಿ.