ಮನೆ ಮಾರಾಟದಲ್ಲಿ ‘ಪೂರ್ತಿ ಕ್ಯಾಶ್’ ಗಿರಾಕಿ: ಮಾರುವವರು ಗಮನಿಸತಕ್ಕ ಸಂಗತಿಗಳು

ಸರಕು ಪಡೆದ ದೊಡ್ಡ ಕಂಪನಿಯಿಂದ ಹಣ ಬಾರದೆ ಸಣ್ಣ ಉದ್ದಿಮೆದಾರರ ಬ್ಯಾಂಕ್ ಖಾತೆ ಬಾಕಿ ಬೀಳುವುದು ಹೊಸ ಸಂಗತಿಯೇನಲ್ಲ. ಬಾಕಿಯು 90 ದಿನ ದಾಟಿದರೆ ಖಾತೆ ಅನುತ್ಪಾದಕ ಆಸ್ತಿಗಳ ಪಟ್ಟಿಗೆ ಸೇರುತ್ತದೆ. ಅನಂತರ 2002ರ ಸರ್ಫೇಸಿ ಕಾಯ್ದೆಯ ಮೇರೆಗೆ 60 ದಿನಗಳ ನೋಟೀಸು ಬರುತ್ತದೆ. ವಾಸದ ಮನೆಯನ್ನೇ ಮಾರಿ ಕಾರ್ಖಾನೆಯನ್ನು ಉಳಿಸಿಕೊಳ್ಳೋಣವೆಂದು ಅನೇಕರು ನಿರ್ಧರಿಸುವುದು ಈ 60 ದಿನಗಳಲ್ಲಿ. ದಲ್ಲಾಳಿಯು ಸುದ್ದಿ ತರುವುದೂ ಆಗಲೇ: “ಪಾರ್ಟಿ ರೆಡಿ ಇದ್ದಾರೆ, ಸಾಲ ಗೀಲ ಏನೂ ಇಲ್ಲ, ಪೂರ್ತಿ ಕ್ಯಾಶ್. ಹದಿನೈದು ದಿನದಲ್ಲಿ ರಿಜಿಸ್ಟ್ರೇಷನ್ ಮುಗಿಸಿಕೊಡುತ್ತಾರೆ, ರೇಟಿನಲ್ಲಿ ಮಾತ್ರ ಸ್ವಲ್ಪ ನೋಡಿಕೊಳ್ಳಬೇಕು.”

ಈ ‘ಕ್ಯಾಶ್’ ಎಂಬ ಪದಕ್ಕೆ ಸ್ವತ್ತಿನ ವ್ಯವಹಾರದಲ್ಲಿ ಎರಡು ಅರ್ಥಗಳಿವೆ. ಗೃಹಸಾಲ ತೆಗೆಯದೆ, ಬ್ಯಾಂಕಿನಲ್ಲಿರುವ ಸ್ವಂತ ಹಣದಿಂದ ಕೊಳ್ಳುವುದು ಒಂದು. ಕ್ರಯದ ಒಂದು ಪಾಲನ್ನು ನೋಟುಗಳ ರೂಪದಲ್ಲಿ ಕೊಡುವುದು ಇನ್ನೊಂದು. ಮೊದಲನೆಯದು ನಿರ್ದೋಷವಾದದ್ದು, ಮಾರುವವನಿಗೆ ಅನುಕೂಲವಾದದ್ದೂ ಹೌದು. ಮಾತು ಮೊದಲನೆಯ ಅರ್ಥದಲ್ಲಿ ಆರಂಭವಾಗಿ, ಕರಾರಿನ ದಿನ ಎರಡನೆಯದಕ್ಕೆ ಜಾರುವುದರಲ್ಲಿಯೇ ತೊಂದರೆಯ ಮೂಲವಿದೆ.

ಮೊದಲನೆಯ ಅರ್ಥದ ಅನುಕೂಲವೆಷ್ಟು ಎಂಬುದನ್ನೂ ಅಳೆದು ನೋಡಬೇಕಾಗುತ್ತದೆ. ಸಾಲವಿಲ್ಲದ ಖರೀದಿದಾರನಿಗೆ ಬ್ಯಾಂಕಿನ ವಕೀಲರ ಅಭಿಪ್ರಾಯ, ಮೌಲ್ಯಮಾಪಕರ ವರದಿ ಇವು ಬೇಕಿಲ್ಲ. ಉಳಿಯುವುದು ಕೆಲವು ವಾರಗಳು. ಆ ಕೆಲವು ವಾರಗಳಿಗಾಗಿ ಮಾರುವವನು ಎಷ್ಟು ಲಕ್ಷ ಬಿಟ್ಟುಕೊಡುತ್ತಿದ್ದಾನೆ ಎಂಬುದೇ ಲೆಕ್ಕ. ಬ್ರಿಟನ್ನಿನಲ್ಲಿ ಮನೆಗಳನ್ನು ತ್ವರಿತವಾಗಿ ಕೊಳ್ಳುವ ಇಂಥ ಸಂಸ್ಥೆಗಳದೇ ಒಂದು ಉದ್ಯಮವಿದೆ. ಆಗ ಅಸ್ತಿತ್ವದಲ್ಲಿದ್ದ ಅಲ್ಲಿನ ನ್ಯಾಯೋಚಿತ ವ್ಯಾಪಾರ ಕಚೇರಿಯು 2013ರಲ್ಲಿ ಇದನ್ನು ಪರಿಶೀಲಿಸಿದಾಗ, ಮಾರುಕಟ್ಟೆ ಬೆಲೆಗಿಂತ ಸಾಮಾನ್ಯವಾಗಿ ಶೇಕಡಾ 10 ರಿಂದ 25ರಷ್ಟು ಕಡಿತವಿರುವುದು ಕಂಡುಬಂದಿತು. ಮಾರುವವನು ಹಿಂದೆ ಸರಿಯಲಾಗದ ಹಂತ ತಲಪಿದ ಮೇಲೆ ಬೆಲೆ ಇಳಿಸುವ ಪದ್ಧತಿಯನ್ನೂ ಅದು ಆಕ್ಷೇಪಿಸಿತು. ನಮ್ಮಲ್ಲಿ ಇದಕ್ಕೆ ಸಂಸ್ಥೆಗಳೇನೂ ಬೇಕಾಗಿಲ್ಲ. ಕ್ರಯಪತ್ರದ ಕರಡು ಸಿದ್ಧವಾದ ಮೇಲೆ ‘ಇನ್ನೆರಡು ಲಕ್ಷ ಕಡಿಮೆ ಮಾಡಿಕೊಳ್ಳಿ’ ಎನ್ನುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಇನ್ನು ಎರಡನೆಯ ಅರ್ಥದ ವಿಚಾರ. ಉದಾಹರಣೆಗೆ, ಒಂದು ಕೋಟಿ ರೂಪಾಯಿ ಬಾಳುವ ಮನೆಯ ಮಾರ್ಗಸೂಚಿ ಬೆಲೆ 70 ಲಕ್ಷವೆಂದಿಟ್ಟುಕೊಳ್ಳಬಹುದು. ನಗದು ಗಿರಾಕಿಯು 88 ಲಕ್ಷಕ್ಕೆ ಒಪ್ಪಿ, 70 ಲಕ್ಷವನ್ನು ಬ್ಯಾಂಕಿನ ಮೂಲಕವೂ 18 ಲಕ್ಷವನ್ನು ನೋಟುಗಳಲ್ಲಿಯೂ ಕೊಡುವುದಾಗಿ ಹೇಳುತ್ತಾನೆ. “ಇದರಿಂದ ನಿಮಗೂ ತೆರಿಗೆ ಉಳಿತಾಯ” ಎಂಬ ಮಾತು ಜೊತೆಗೆ ಬರುತ್ತದೆ. ಕಾನೂನು ಹೇಳುವುದು ಬೇರೆ. 1961ರ ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್ ಕಲಮಿಗೆ 2015ರಲ್ಲಿ ಆದ ತಿದ್ದುಪಡಿಯು, ಸ್ಥಿರಾಸ್ತಿಯ ವರ್ಗಾವಣೆಗೆ ಸಂಬಂಧಿಸಿದಂತೆ ಮುಂಗಡವನ್ನಾಗಲಿ ಇತರ ಮೊತ್ತವನ್ನಾಗಲಿ 20,000 ರೂಪಾಯಿ ಅಥವಾ ಹೆಚ್ಚು ನಗದಾಗಿ ಪಡೆಯುವುದನ್ನು ಆ ವರ್ಷದ ಜೂನ್ 1ರಿಂದ ನಿಷೇಧಿಸಿತು. ವ್ಯವಹಾರ ಕುದುರಿತೋ ಮುರಿಯಿತೋ ಎಂಬುದು ಇಲ್ಲಿ ಅಪ್ರಸ್ತುತ. ಉಲ್ಲಂಘನೆಗೆ ದಂಡವು ಪಡೆದ ಮೊತ್ತದಷ್ಟೇ. 2017ರ ಏಪ್ರಿಲ್ 1ರಿಂದ ಜಾರಿಗೆ ಬಂದ 269ಎಸ್‌ಟಿ ಕಲಮು ಎರಡು ಲಕ್ಷ ಅಥವಾ ಹೆಚ್ಚಿನ ಯಾವುದೇ ನಗದು ಪಾವತಿಗೆ ಇದೇ ಬಗೆಯ ನಿರ್ಬಂಧ ಹಾಕಿತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಈ ನಿರ್ಬಂಧಗಳು ಮುಂದುವರಿದಿವೆ.

ವರ್ತಕರು ಮರೆಯಬಾರದ ಅಂಶವೊಂದಿದೆ. ಈ ಕಲಮುಗಳ ದಂಡ ಬೀಳುವುದು ಕೊಟ್ಟವನ ಮೇಲಲ್ಲ, ಪಡೆದವನ ಮೇಲೆ; ಅಂದರೆ ಮನೆ ಮಾರಿದವನ ಮೇಲೆ. ಮೇಲಿನ ಉದಾಹರಣೆಯಲ್ಲಿ 18 ಲಕ್ಷಕ್ಕೆ 18 ಲಕ್ಷವೇ ದಂಡವಾದರೆ ಕೋಟಿಯ ಮನೆ 70 ಲಕ್ಷಕ್ಕೆ ಹೋದಂತಾಯಿತು. ಬಚ್ಚಿಟ್ಟ ಲಾಭದ ಮೇಲಿನ ತೆರಿಗೆ, ಬಡ್ಡಿ ಬೇರೆ. ಮನೆ ಮಾರಿದ ಉದ್ದೇಶವೂ ಕೆಡುತ್ತದೆ. ಬ್ಯಾಂಕಿನ ಬಾಕಿ ತೀರಿಸಲೆಂದು ಪಡೆದ ನೋಟುಗಳನ್ನು ಬ್ಯಾಂಕಿಗೆ ಕಟ್ಟಲು ಹೋದರೆ ಹಣದ ಮೂಲ ಹೇಳಬೇಕು. ಹೇಳಿದರೆ ದಂಡ, ಹೇಳದಿದ್ದರೆ ವಿವರಣೆಯಿಲ್ಲದ ಆದಾಯ. ತಿಜೋರಿಯಲ್ಲಿದ್ದೂ ಉಪಯೋಗಕ್ಕೆ ಬಾರದ ಹಣವದು.

ನಗದು ಮುಂಗಡವೊಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಪ್ರಕರಣ ಬೆಂಗಳೂರಿನದೇ ಆಗಿದೆ. ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಸ್ವಾಧೀನದಲ್ಲಿದ್ದ ಸ್ವತ್ತನ್ನು ಕೊಳ್ಳಲು ಬೇರೆಯವರೊಡನೆ 2018ರಲ್ಲಿ ಕರಾರು ಮಾಡಿಕೊಂಡು, 75 ಲಕ್ಷ ರೂಪಾಯಿ ಮುಂಗಡವನ್ನು ನಗದಾಗಿ ಕೊಟ್ಟಿರುವುದಾಗಿ ಹೇಳಿಕೊಂಡ ವಾದಿಗಳು ಸಂಸ್ಥೆಯ ವಿರುದ್ಧ ತಡೆಯಾಜ್ಞೆ ಕೋರಿದ್ದರು. 2025ರ ಏಪ್ರಿಲ್ 16ರಂದು ನ್ಯಾಯಾಲಯವು ಅವರ ವಾದಪತ್ರವನ್ನೇ ತಿರಸ್ಕರಿಸಿತು; ಕೇವಲ ಕ್ರಯದ ಕರಾರಿನಿಂದ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲವೆಂದಿತು. ಅಷ್ಟಕ್ಕೇ ನಿಲ್ಲದೆ, ಎರಡು ಲಕ್ಷ ಅಥವಾ ಹೆಚ್ಚಿನ ನಗದು ಪಾವತಿಯನ್ನು ಹೇಳುವ ದಾವೆ ಬಂದಾಗ ನ್ಯಾಯಾಲಯಗಳೂ, ಸ್ಥಿರಾಸ್ತಿಯ ದಸ್ತಾವೇಜಿನಲ್ಲಿ ಅಂಥ ಪಾವತಿ ಕಂಡಾಗ ಉಪನೋಂದಣಾಧಿಕಾರಿಗಳೂ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು ನಿರ್ದೇಶಿಸಿತು. ಮಾರುವವನ ಪಾಲಿಗೆ ಇದರ ಅರ್ಥ ಸ್ಪಷ್ಟವಾಗಿದೆ. ನೋಟುಗಳ ಲೆಕ್ಕದಲ್ಲಿ ತಕರಾರು ಬಂದು ಕೊಂಡವನೇ ದಾವೆ ಹೂಡಿದರೂ ಮಾಹಿತಿ ಇಲಾಖೆಗೆ ತಲಪುತ್ತದೆ.

ಮೂರನೆಯ ಬಗೆಯ ‘ನಗದು ಗಿರಾಕಿ’ ಇನ್ನೂ ವಿಚಿತ್ರ; ಆತನ ಬಳಿ ನಗದೂ ಇರುವುದಿಲ್ಲ, ಸಾಲವೂ ಇರುವುದಿಲ್ಲ. ಅಲ್ಪ ಟೋಕನ್ ಕೊಟ್ಟು, ಆರು ತಿಂಗಳೋ ಎಂಟು ತಿಂಗಳೋ ಅವಧಿಯ ಕರಾರು ಮಾಡಿಕೊಂಡು, ನಿಜವಾದ ಖರೀದಿದಾರನನ್ನು ಹೆಚ್ಚಿನ ಬೆಲೆಗೆ ಹುಡುಕುವುದು ಆತನ ಕಸುಬು. ಕರಾರಿನಲ್ಲಿ ‘ಖರೀದಿದಾರರು ಅಥವಾ ಅವರು ಸೂಚಿಸಿದವರ ಹೆಸರಿಗೆ ಕ್ರಯಪತ್ರ ಬರೆದುಕೊಡತಕ್ಕದ್ದು’ ಎಂಬ ಮಾತು ಇದ್ದರೆ ಈ ಸಂಶಯಕ್ಕೆ ಎಡೆಯುಂಟು. ಜೊತೆಗೆ ಸಾಮಾನ್ಯ ಅಧಿಕಾರ ಪತ್ರವನ್ನೂ ಕೇಳಿದರೆ ಸಂಶಯ ಗಟ್ಟಿಯಾಗುತ್ತದೆ. ಜಿಪಿಎ ಮೂಲಕ ನಡೆಯುವ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲವೆಂದು 2011ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಆದರೂ ಕಾಗದ ಕೈಬಿಟ್ಟ ಮೇಲೆ ಮಾಲೀಕನಿಗೆ ಅಲೆದಾಟ ತಪ್ಪುವುದಿಲ್ಲ. ಮಧ್ಯದಲ್ಲಿ ಬೇರೆ ಗಿರಾಕಿ ಬಂದರೂ ಕರಾರುದಾರನು ದಾವೆ ಹೂಡಿ ತಡೆಯಬಹುದು. 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿರ್ದಿಷ್ಟ ಪರಿಹಾರ ಕಾಯ್ದೆಯ ತಿದ್ದುಪಡಿಯು, ಕರಾರಿನಂತೆ ನಡೆಸಿಕೊಡಿಸುವ ಆದೇಶವನ್ನು ನ್ಯಾಯಾಲಯದ ವಿವೇಚನೆಗೆ ಬಿಡುವ ಹಿಂದಿನ ಪದ್ಧತಿಯನ್ನು ಬಹುಮಟ್ಟಿಗೆ ತೆಗೆದುಹಾಕಿದೆ. 60 ದಿನಗಳ ನೋಟೀಸು ಹಿಡಿದು ಕುಳಿತವನಿಗೆ ಆರು ತಿಂಗಳ ಕರಾರು ಯಾವ ಉಪಕಾರವನ್ನೂ ಮಾಡದು.

ಹಣ ಪೂರ್ತಿ ಕೈಸೇರುವ ಮೊದಲು ‘ಪೂರ್ತಿ ಸಂದಾಯವಾಗಿದೆ’ ಎಂದು ಕ್ರಯಪತ್ರದಲ್ಲಿ ಬರೆಸುವುದಂತೂ ಎಲ್ಲಕ್ಕಿಂತ ಅಪಾಯಕರ. ಸೂರತ್‌ನ ಜಮೀನೊಂದನ್ನು 2009ರಲ್ಲಿ 1.74 ಕೋಟಿ ರೂಪಾಯಿಗೆ ಮಾರಿದ ಕುಟುಂಬವು, 36 ಚೆಕ್ಕುಗಳ ಪೈಕಿ ಆರರಿಂದ ಬಂದ 40,000 ರೂಪಾಯಿ ಮಾತ್ರ ದೊರೆಯಿತೆಂದು 2014ರಲ್ಲಿ ದಾವೆ ಹೂಡಿತು. ದಾವೆ ಅವಧಿ ಮೀರಿದ್ದಾಗಿತ್ತು. ಕ್ರಯದ ಹಣ ಪೂರ್ತಿ ಬಂದಿಲ್ಲವೆಂಬ ಕಾರಣಕ್ಕೆ ನೋಂದಾಯಿತ ಕ್ರಯಪತ್ರವನ್ನು ರದ್ದುಪಡಿಸಲು ಬಾರದು, ಬಾಕಿ ಹಣದ ವಸೂಲಿಗೆ ಬೇರೆ ಮಾರ್ಗ ಹಿಡಿಯಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿತು.

ಹೀಗಿರುವಲ್ಲಿ, ಗೃಹಸಾಲ ಮಂಜೂರಾತಿ ಪತ್ರ ಹಿಡಿದು ಬರುವ ಸಂಬಳದಾರನೇ ಎಷ್ಟೋ ವೇಳೆ ಹೆಚ್ಚು ನಂಬತಕ್ಕ ‘ನಗದು’ ಗಿರಾಕಿ ಎನ್ನಬೇಕಾಗುತ್ತದೆ. ಆತನ ಬ್ಯಾಂಕು ಕಾಗದಪತ್ರ ನೋಡಲು ಮೂರು ವಾರ ತೆಗೆದುಕೊಂಡೀತು. ಆದರೆ ನೋಂದಣಿಯ ದಿನ ಬರುವ ಪೇ ಆರ್ಡರ್ ಸುಳ್ಳಾಗುವ ಸಂಭವ ತೀರ ಕಡಿಮೆ. ಸ್ವಂತ ಹಣದವನೆಂದು ಹೇಳಿಕೊಳ್ಳುವವನಾದರೆ ಆತನ ಬ್ಯಾಂಕಿನಿಂದ ಹಣವಿರುವ ಬಗ್ಗೆ ಪತ್ರ ಕೇಳುವುದರಲ್ಲಿ ಅಮರ್ಯಾದೆಯೇನಿಲ್ಲ. ಸರಕು ಸಾಲ ಕೊಡುವಾಗ ವರ್ತಕರು ಇದಕ್ಕಿಂತ ಹೆಚ್ಚು ವಿಚಾರಿಸುತ್ತಾರೆ.

ಮನೆಯ ಮೂಲಪತ್ರಗಳು ಸಾಲಕ್ಕೆ ಆಧಾರವಾಗಿ ಬ್ಯಾಂಕಿನಲ್ಲಿಯೇ ಇದ್ದರೆ, ನೋಟೀಸಿನ ಅವಧಿ ಮುಗಿಯುವ ಮೊದಲೇ ಶಾಖೆಗೆ ಲಿಖಿತವಾಗಿ ತಿಳಿಸಿ, ಮಾರಾಟಕ್ಕೆ ಒಪ್ಪಿಗೆಯನ್ನೂ ತೀರಿಸಬೇಕಾದ ಮೊತ್ತದ ಪತ್ರವನ್ನೂ ಪಡೆಯತಕ್ಕದ್ದು. ಕೊಳ್ಳುವವನ ಹಣ ಆರ್‌ಟಿಜಿಎಸ್ ಮೂಲಕ ನೇರವಾಗಿ ಸಾಲದ ಖಾತೆಗೆ ಸೇರಿ, ಅದರ ಯುಟಿಆರ್ ಸಂಖ್ಯೆ ಕ್ರಯಪತ್ರದಲ್ಲಿ ನಮೂದಾಗಬೇಕು. ಕ್ರಯವು 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವನು ಶೇಕಡಾ 1ರಷ್ಟು ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವುದರಿಂದ, ಬ್ಯಾಂಕಿಗೆ ತಲಪುವ ಮೊತ್ತ ಅಷ್ಟು ಕಡಿಮೆಯಿರುತ್ತದೆ. ಇದನ್ನು ಶಾಖೆಯ ವ್ಯವಸ್ಥಾಪಕರಿಗೆ ಮೊದಲೇ ಹೇಳಿಡುವುದು ಲೇಸು; ನೋಂದಣಿಯ ದಿನ ಆ ವ್ಯತ್ಯಾಸಕ್ಕಾಗಿ ಮೂಲಪತ್ರಗಳ ಬಿಡುಗಡೆ ನಿಲ್ಲುವುದುಂಟು.