ಎಸ್‌ಎಸ್‌ಡಿ ನಿದ್ದೆ ಮಾಡಿದರೆ ಇಡೀ ಸರ್ವರ್‌ಗೆ ವಿಶ್ರಾಂತಿ

ಅಂಕೋಲೆಯ ಕೇಣಿಯಂಥ ಕಡಲತಡಿಯ ಊರಿನಲ್ಲಿ ಮಳೆಗಾಲದ ರಾತ್ರಿ ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳಲಾಗದು. ಗಾಳಿಗೆ ಮುರಿದ ಕೊಂಬೆ ತಂತಿಯ ಮೇಲೆ ಬಿದ್ದಿದ್ದರೆ ಹೆಸ್ಕಾಂ ಲೈನ್‌ಮನ್ ಆ ಮಳೆಯಲ್ಲೇ ಕಂಬ ಹತ್ತಬೇಕು. ಅಲ್ಲಿಯ ತನಕ ಮನೆ ನಡೆಯುವುದು ಇನ್ವರ್ಟರ್ ಮೇಲೆ. ಆ ಬ್ಯಾಟರಿಯಲ್ಲಿ ಬಲ್ಬು, ಫ್ಯಾನು, ವೈಫೈ ರೂಟರ್‌ಗಳ ಜೊತೆಗೆ ಹೋಮ್ ಸರ್ವರ್ ಕೂಡ ಪಾಲು ಕೇಳಬಹುದು. ಮನೆಯವರ ಫೋಟೊ, ವಿಡಿಯೊ, ಲೆಕ್ಕಪತ್ರ, ಸಿಸಿಟಿವಿ ದೃಶ್ಯಗಳನ್ನೆಲ್ಲ ಕಾಪಿಡುವ, ಹಗಲಿರುಳೂ ಆರದ ಪುಟ್ಟ ಕಂಪ್ಯೂಟರ್ ಅದು.

ಆರದಿರುವುದರಲ್ಲೇ ಅದರ ಖರ್ಚಿನ ಗುಟ್ಟಿದೆ. ಒಂದೇ ಒಂದು ವ್ಯಾಟ್ ವರ್ಷವಿಡೀ ಉರಿದರೆ 8.76 ಯೂನಿಟ್. ಇಪ್ಪತ್ತು ವ್ಯಾಟಿನ ಸರ್ವರ್ ತಿಂಗಳಿಗೆ 14.4 ಯೂನಿಟ್ ತಿನ್ನುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ, ಗಡಿಯಂಚಿನಲ್ಲಿರುವ ಮನೆಗೆ ಈ ಹದಿನಾಲ್ಕು ಯೂನಿಟ್ ಸಣ್ಣ ಮಾತಲ್ಲ.

ಹಾಗಾದರೆ ಕೆಲಸವಿಲ್ಲದ ಹೊತ್ತಿನಲ್ಲಿ ಸರ್ವರಿನ ಡಿಸ್ಕನ್ನಾದರೂ ಮಲಗಿಸಬಾರದೇ? ಹಳೆಯ ಹಾರ್ಡ್‌ಡಿಸ್ಕ್ ಕಾಲದ ಉಪಾಯ ಇದು. ಅದರೊಳಗೆ ತಟ್ಟೆಗಳನ್ನು ತಿರುಗಿಸುವ ಮೋಟಾರಿದೆ. ಸುಮ್ಮನೆ ತಿರುಗುತ್ತಿದ್ದರೂ ದೊಡ್ಡ ಡಿಸ್ಕ್ ನಾಲ್ಕೈದು ವ್ಯಾಟ್ ಎಳೆಯುತ್ತದೆ, ಮೋಟಾರ್ ನಿಲ್ಲಿಸಿದರೆ ಒಂದು ವ್ಯಾಟಿಗೂ ಕೆಳಗಿಳಿಯುತ್ತದೆ. ಮತ್ತೆ ವೇಗ ಹಿಡಿಯಲು ಹಲವು ಸೆಕೆಂಡು ಕಾಯಬೇಕು. ಎಸ್‌ಎಸ್‌ಡಿಯಲ್ಲಿ ಮೋಟಾರೇ ಇಲ್ಲ. ಇರುವುದು ಫ್ಲಾಶ್ ಚಿಪ್‌ಗಳು ಮತ್ತು ಅವನ್ನು ಆಳುವ ಕಂಟ್ರೋಲರ್. ಆದ್ದರಿಂದ ಇಷ್ಟು ನಿಮಿಷಕ್ಕೆ ತಿರುಗುವುದನ್ನು ನಿಲ್ಲಿಸು ಎಂಬ ಹಳೆಯ ಸೆಟ್ಟಿಂಗ್ ಹಾಕಿ ಇಲ್ಲಿ ಹೆಚ್ಚಿನ ಲಾಭ ನಿರೀಕ್ಷಿಸುವಂತಿಲ್ಲ.

ಎಸ್‌ಎಸ್‌ಡಿಯ ನಿದ್ದೆಯ ರೀತಿಯೇ ಬೇರೆ. ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಗಳಲ್ಲಿ ಅದಕ್ಕೆ ಮೆಟ್ಟಿಲುಗಳಿವೆ. ಸೊನ್ನೆಯ ಮೆಟ್ಟಿಲಿನಲ್ಲಿ ಭರದಿಂದ ಬರೆಯುವಾಗ ಹಲವು ವ್ಯಾಟ್ ಬೇಕು. ಮೂರನೆಯದಕ್ಕೆ ಇಳಿದರೆ ಸಾಮಾನ್ಯವಾಗಿ ಹತ್ತಾರು ಮಿಲಿವ್ಯಾಟ್, ನಾಲ್ಕನೆಯದರಲ್ಲಿ ಐದು ಮಿಲಿವ್ಯಾಟಿನ ಆಸುಪಾಸು. ಆಳಕ್ಕೆ ಇಳಿದಷ್ಟೂ ಏಳುವುದು ತಡ, ಆದರೂ ಆ ತಡ ಮಿಲಿಸೆಕೆಂಡುಗಳ ಲೆಕ್ಕದ್ದು, ಮನುಷ್ಯರ ಗಮನಕ್ಕೆ ಬಾರದು. ಯಾವಾಗ ಇಳಿಯಬೇಕೆಂದು ಆಪರೇಟಿಂಗ್ ಸಿಸ್ಟಂ ಒಮ್ಮೆ ಹೇಳಿಕೊಟ್ಟರೆ ಸಾಕು, ಮುಂದೆ ಡ್ರೈವೇ ನೋಡಿಕೊಳ್ಳುತ್ತದೆ. ಲಿನಕ್ಸ್‌ಗೆ ಈ ಸೌಲಭ್ಯ ಬಂದದ್ದು 2017ರ 4.11ನೇ ಆವೃತ್ತಿಯಲ್ಲಿ. ಆಗ ಅಳವಡಿಸಿದ ನಿಯಮ ನನಗೆ ತುಂಬ ಮೆಚ್ಚುಗೆಯಾದದ್ದು: ಮಲಗಿ ಏಳಲು ಎಷ್ಟು ಹೊತ್ತು ಬೇಕೋ ಅದರ ಐವತ್ತು ಪಟ್ಟು ಹೊತ್ತು ಡ್ರೈವ್ ಸುಮ್ಮನಿದ್ದರೆ ಮಾತ್ರ ಮಲಗಿಸು. ಹೀಗೆ ಮಾಡಿದರೆ ಮಲಗಿ ಏಳುವುದರಲ್ಲಿ ಕಳೆಯುವ ಕಾಲ ಶೇಕಡಾ ಎರಡನ್ನು ಮೀರುವುದಿಲ್ಲ. ಸಾಟಾ ಬಗೆಯ ಎಸ್‌ಎಸ್‌ಡಿಗಳಲ್ಲಿಯೂ ಪಾರ್ಶಿಯಲ್, ಸ್ಲಂಬರ್, ಡೆವ್‌ಸ್ಲೀಪ್ ಎಂಬ ಮೂರು ಹಂತಗಳಿವೆ.

ಇಷ್ಟಾದರೂ ಡ್ರೈವ್ ಒಂದರಿಂದಲೇ ಉಳಿಯುವುದು ಹೆಚ್ಚೆಂದರೆ ಒಂದೆರಡು ವ್ಯಾಟ್. ವರ್ಷಕ್ಕೆ ನೂರು ರೂಪಾಯಿಯ ಆಜುಬಾಜು. ಇದಕ್ಕಾಗಿ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳುವವರು ಪ್ರೊಸೆಸರಿನ ಕಡೆ ನೋಡಬೇಕು. ಇಂದಿನ ಪ್ರೊಸೆಸರ್‌ಗಳಿಗೂ ಆಳವಾದ ನಿದ್ದೆಯ ಹಂತಗಳಿವೆ. ಆದರೆ ಅವು ಆ ಆಳಕ್ಕೆ ಇಳಿಯಬೇಕಾದರೆ ತಮಗೆ ತಗುಲಿಕೊಂಡ ಪಿಸಿಐ ಎಕ್ಸ್‌ಪ್ರೆಸ್ ದಾರಿಗಳು, ಸಾಟಾ ದಾರಿಗಳು ಮೊದಲು ಮಲಗಿರಬೇಕು. ಮನೆಯಲ್ಲಿ ಒಬ್ಬರು ಒಳಗೂ ಹೊರಗೂ ಓಡಾಡುತ್ತಿರುವಾಗ ಮುಂಬಾಗಿಲಿಗೆ ಅಗಳಿ ಹಾಕಲು ಬರುತ್ತದೆಯೇ? ಒಂದು ಎಸ್‌ಎಸ್‌ಡಿಯ ಲಿಂಕ್ ಎಚ್ಚರವಿದ್ದರೂ ಇಡೀ ಪ್ರೊಸೆಸರ್ ಮೇಲಿನ ಹಂತದಲ್ಲೇ ಕಾದು ಕೂರಬಹುದು. ಐದು ಮಿಲಿವ್ಯಾಟಿನ ನಿದ್ದೆಯ ಬೆಲೆ ಹೀಗೆ ಹಲವು ವ್ಯಾಟಾಗುತ್ತದೆ. ಆದ್ದರಿಂದಲೇ ಬಯೋಸ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ದಾರಿಗಳನ್ನು ಮಲಗಿಸುವ ಎಎಸ್‌ಪಿಎಂ ಎಂಬ ಆಯ್ಕೆ ಮುಚ್ಚಿದೆಯೋ ತೆರೆದಿದೆಯೋ ಎಂದು ಮೊದಲು ನೋಡಬೇಕು. ಪ್ರೊಸೆಸರ್ ಎಷ್ಟು ಆಳಕ್ಕೆ ಇಳಿಯುತ್ತಿದೆ ಎಂಬುದನ್ನು ಪವರ್‌ಟಾಪ್ ಎಂಬ ತಂತ್ರಾಂಶ ತೋರಿಸುತ್ತದೆ. ಕೊನೆಯ ಸಾಕ್ಷಿ ಮಾತ್ರ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ವ್ಯಾಟ್ ಮೀಟರ್‌ನದು. ಕೆಲವು ಡ್ರೈವ್‌ಗಳು ಕೊನೆಯ ಮೆಟ್ಟಿಲಿಗೆ ಇಳಿದರೆ ಏಳದೇ ಕಣ್ಮರೆಯಾಗುತ್ತವೆ. ಅಂಥವನ್ನು ಒಂದು ಮೆಟ್ಟಿಲು ಮೇಲೆ ನಿಲ್ಲಿಸುವುದು ಜಾಣತನ.

ನಿದ್ದೆ ಕೆಡಿಸುವವರೂ ಇದ್ದಾರೆ. ಕೆಲವು ಸೆಕೆಂಡಿಗೊಮ್ಮೆ ಲಾಗ್ ಬರೆಯುವ ತಂತ್ರಾಂಶ, ಬಿಡುವಿಲ್ಲದೆ ದೃಶ್ಯ ಕಳಿಸುವ ಕ್ಯಾಮೆರಾ ಮುಖ್ಯರು. ಕ್ಯಾಮೆರಾಕ್ಕೆ ಬೇರೆ ಡ್ರೈವ್ ಕೊಡುವುದು ಒಳ್ಳೆಯದು. ಇನ್ನು ಎಸ್‌ಎಸ್‌ಡಿ ಬಿಡುವಿನಲ್ಲಿ ತನ್ನೊಳಗಿನ ಅಳಿಸಿದ ಜಾಗವನ್ನು ಗುಡಿಸಿ ಹಸನು ಮಾಡಿಕೊಳ್ಳುತ್ತದೆ. ಅದು ತಾನಾಗಿ ಮಾಡುವ ಕೆಲಸ, ಅದಕ್ಕೆ ಅಡ್ಡಿಪಡಿಸುವ ಅಗತ್ಯವಿಲ್ಲ.

ಕರಾವಳಿಯಲ್ಲಿ ಈ ಉಳಿತಾಯದ ನಿಜವಾದ ಫಲ ಇನ್ವರ್ಟರಿನಲ್ಲಿ ಸಿಗುತ್ತದೆ. ಸರ್ವರ್ ಇಪ್ಪತ್ತರ ಬದಲು ಹನ್ನೆರಡು ವ್ಯಾಟಿಗೆ ಇಳಿದರೆ, ಹತ್ತು ತಾಸಿನ ಕತ್ತಲೆಯಲ್ಲಿ 80 ವ್ಯಾಟ್-ಅವರ್ ಉಳಿಯುತ್ತದೆ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬನ್ನು ಅದು ಎಂಟು ತಾಸಿಗೂ ಮೀರಿ ಉರಿಸುತ್ತದೆ.

ಆದರೆ ನಿದ್ದೆಗೂ ಸುರಕ್ಷತೆಗೂ ಗಂಟು ಹಾಕಬಾರದು. ಮಲಗಿದ ಡ್ರೈವ್‌ಗೂ ಕರೆಂಟು ತಟ್ಟನೆ ತಪ್ಪುವುದು ಒಳ್ಳೆಯದಲ್ಲ. ಯಾವ ಮಾಹಿತಿ ಯಾವ ಕೋಶದಲ್ಲಿದೆ ಎಂಬ ನಕ್ಷೆಯನ್ನು, ಇನ್ನೂ ಬರೆಯದ ತುಣುಕುಗಳನ್ನು ಕಂಟ್ರೋಲರ್ ತಾತ್ಕಾಲಿಕ ನೆನಪಿನಲ್ಲಿ ಇಟ್ಟುಕೊಂಡಿರಬಹುದು. ದತ್ತಾಂಶ ಕೇಂದ್ರಗಳ ದುಬಾರಿ ಎಸ್‌ಎಸ್‌ಡಿಗಳಲ್ಲಿ ಆ ಕ್ಷಣಕ್ಕೆಂದೇ ಕೆಪಾಸಿಟರ್‌ಗಳಿರುತ್ತವೆ. ಮನೆಬಳಕೆಯ ಹೆಚ್ಚಿನವುಗಳಲ್ಲಿ ಇಲ್ಲ. ಹಾರ್ಡ್‌ಡಿಸ್ಕಿನ ಮೋಟಾರ್ ನಿಲ್ಲಿಸುವ ಸ್ಟ್ಯಾಂಡ್‌ಬೈ ಆಜ್ಞೆ ಸಾಟಾ ಎಸ್‌ಎಸ್‌ಡಿಗೆ ನಿಜಕ್ಕೂ ಬೇಕಾಗುವುದು ಇಲ್ಲಿಯೇ. ಕಂಪ್ಯೂಟರನ್ನು ಸರಿಯಾಗಿ ಆರಿಸುವಾಗ ಸಿಸ್ಟಂ ಅದನ್ನು ಕಳಿಸುತ್ತದೆ, ಡ್ರೈವ್ ಎಲ್ಲವನ್ನೂ ಬರೆದಿಟ್ಟು ಸಿದ್ಧವಾಗುತ್ತದೆ. ಬ್ಯಾಟರಿ ಮುಗಿಯುವ ಮೊದಲೇ ಸರ್ವರ್‌ಗೆ ಸೂಚನೆ ಕೊಟ್ಟು ಆರಿಸುವ ಯುಪಿಎಸ್ ಇದ್ದರೆ ಈ ಕೆಲಸ ನಡುರಾತ್ರಿಯಲ್ಲೂ ನಡೆಯುತ್ತದೆ. ಎನ್‌ವಿಎಂಇ ಡ್ರೈವ್ ತನ್ನ ಆರೋಗ್ಯ ವರದಿಯಲ್ಲಿ ಅಸುರಕ್ಷಿತ ಸ್ಥಗಿತಗಳ ಎಣಿಕೆ ಇಟ್ಟಿರುತ್ತದೆ. ಮೇ ಕೊನೆಯಲ್ಲಿ ಆ ಸಂಖ್ಯೆ ಬರೆದಿಟ್ಟುಕೊಂಡು, ಮಳೆ ಕಳೆದ ಮೇಲೆ ಮತ್ತೆ ನೋಡಿ. ಏರಿದ್ದರೆ ಮೊದಲು ದುರಸ್ತಿ ಬೇಕಾದದ್ದು ನಿಮ್ಮ ಯುಪಿಎಸ್ ವ್ಯವಸ್ಥೆಗೆ, ಡ್ರೈವ್‌ನ ನಿದ್ದೆಯ ಸೆಟ್ಟಿಂಗ್ ಆಮೇಲೆ.