ನಾಯಿಗಳ ಪಾದದ ನವೆಯೂ ಅದರ ನಿವಾರಣೆಯೂ

ಹೊಲ, ಕಣ, ತೋಟಗಳ ಕಾವಲಿಗೆ ನಾಯಿಯನ್ನು ಸಾಕುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಊರಿನಲ್ಲಿ ಜಮೀನನ್ನೂ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಮನೆಯನ್ನೂ ಉಳ್ಳವರು ಎರಡೆಡೆಯೂ ನಾಯಿ ಸಾಕುವುದುಂಟು. ಇಂಥ ನಾಯಿಯು ಹಗಲಿರುಳು ತನ್ನ ಪಾದವನ್ನು ನೆಕ್ಕುತ್ತಲೂ ಕಚ್ಚುತ್ತಲೂ ಇದ್ದರೆ, ಅದನ್ನು ದುರಭ್ಯಾಸವೆಂದೆಣಿಸಿ ಗದರಿಸುವುದು ಸರಿಯಲ್ಲ. ನವೆಯು ಸ್ವತಃ ಒಂದು ರೋಗವಲ್ಲ. ಹಲವು ಕಾರಣಗಳಿಂದ ತೋರುವ ಲಕ್ಷಣ. ಕಾರಣವನ್ನು ಅರಿಯದೆ ಔಷಧವನ್ನು ಹಚ್ಚತಕ್ಕದ್ದಲ್ಲ.

ನವೆಯು ಒಂದೇ ಪಾದದಲ್ಲಿದೆಯೋ ಹಲವು ಪಾದಗಳಲ್ಲಿದೆಯೋ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಒಂದೇ ಪಾದದಲ್ಲಿದ್ದರೆ ನೆಗ್ಗಿಲುಮುಳ್ಳು, ಹುಲ್ಲಿನ ಸುಂಕು, ಗಾಜಿನ ಚೂರು ಅಥವಾ ಸೀಳಿದ ಉಗುರು ಕಾರಣವಾಗಿರಬಹುದು. ಬೆಳಕಿನಲ್ಲಿ ಬೆರಳುಸಂದಿಗಳನ್ನು ಬಿಡಿಸಿ ನೋಡಬೇಕು. ಉಣ್ಣೆಗಳು ಅಡಗುವುದೂ ಅಲ್ಲಿಯೇ.

ಹಲವು ಪಾದಗಳಲ್ಲಿ ನವೆಯಿದ್ದರೆ ಕಾರಣಗಳು ಬೇರೆ. ಪೇಟೆಯ ಮನೆಗಳಲ್ಲಿ ನೆಲ ಸಾರಿಸುವ ಫಿನಾಯಿಲು, ಬೇಸಗೆಯಲ್ಲಿ ಕಾದ ಡಾಮರು ರಸ್ತೆ, ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಗಳ ಕೊಳಚೆ ಇವು ಪಾದದ ಚರ್ಮವನ್ನು ಕೆಡಿಸುತ್ತವೆ. ಹಳ್ಳಿಯಲ್ಲಿ ಗೊಬ್ಬರ, ಔಷಧ ಸಿಂಪಡಿಸಿದ ಹೊಲಗಳೂ ಹಾಗೆಯೇ. ಮಳೆಗಾಲದಲ್ಲಿ ಪಾದವು ಒದ್ದೆಯಾಗಿಯೇ ಉಳಿದರೆ ಬೆರಳುಸಂದಿಗಳಲ್ಲಿ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳು ಹೆಚ್ಚಿ, ದುರ್ವಾಸನೆಯೂ ಕೆಂಪೂ ತೋರುವುವು. ಮಲದಿಂದ ಕೆಟ್ಟ ತೇವದ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳು ಅಂಗಾಲಿನ ಚರ್ಮವನ್ನು ತೂರಿ ಒಳಹೊಗುತ್ತವೆ. ಬರಿಗಾಲಿನಲ್ಲಿ ನಡೆಯುವ ಮಕ್ಕಳ ಚರ್ಮಕ್ಕೂ ಇವುಗಳಿಂದ ಬಾಧೆಯುಂಟು. ಕಜ್ಜಿಹುಳುಗಳಿಂದಲೂ, ಪರಾಗ, ಮನೆಯ ಧೂಳು ಅಥವಾ ಆಹಾರವು ದೇಹಕ್ಕೆ ಒಗ್ಗದಿರುವುದರಿಂದಲೂ ನವೆಯುಂಟಾಗುವುದು. ಒಗ್ಗದಿಕೆಯಾದಾಗ ಕಿವಿ, ಮುಖಗಳಲ್ಲಿಯೂ ಕೆರೆತವಿರುವುದು ಸಾಮಾನ್ಯ. ಬಿಳಿಯ ನಾಯಿಯ ಪಾದದ ಕೂದಲು ಜೊಲ್ಲಿನಿಂದ ಕಂದುಬಣ್ಣಕ್ಕೆ ತಿರುಗಿದ್ದರೆ, ನೆಕ್ಕುವಿಕೆಯು ಬಹುದಿನಗಳದೆಂದು ತಿಳಿಯಬಹುದು.

ಹೊರಗಿನಿಂದ ಬಂದೊಡನೆ ಪಾದಗಳನ್ನು ಶುದ್ಧವಾದ ನೀರಿನಿಂದ ತೊಳೆದು, ಬೆರಳುಸಂದಿಗಳನ್ನು ಬಟ್ಟೆಯಿಂದ ಚೆನ್ನಾಗಿ ಒರಸಿ ಒಣಗಿಸುವುದು ಉತ್ತಮ. ಮೇಲೆಯೇ ಕಾಣುವ ಮುಳ್ಳನ್ನು ಚಿಮಟದಿಂದ ತೆಗೆಯಬಹುದು. ಆಳಕ್ಕೆ ಹೊಕ್ಕಿದ್ದನ್ನು ಕೆದಕಕೂಡದು. ಫಿನಾಯಿಲು ಹಾಕಿದ ನೆಲವನ್ನು ನೀರಿನಿಂದ ಮತ್ತೆ ಸಾರಿಸಿ, ಒಣಗಿದ ತರುವಾಯ ನಾಯಿಯನ್ನು ಒಳಗೆ ಬಿಡಬೇಕು. ಆಹಾರದ ಮೇಲೆ ಸಂದೇಹವಿದ್ದರೆ, ವೈದ್ಯರು ಗೊತ್ತುಮಾಡಿದ ಆಹಾರವನ್ನಷ್ಟೇ ಸುಮಾರು ೮ ವಾರ ಕೊಟ್ಟು ನೋಡತಕ್ಕದ್ದು.

ಸೀಮೆಎಣ್ಣೆ, ಯಂತ್ರದ ಹಳೆಯ ಎಣ್ಣೆ, ಬೆಳೆಗೆ ಹೊಡೆಯುವ ಕ್ರಿಮಿನಾಶಕ ಇವುಗಳನ್ನು ಉಣ್ಣೆ, ಕಜ್ಜಿಗಳಿಗೆಂದು ಹಚ್ಚಲೇಕೂಡದು. ನಾಯಿಯು ಹಚ್ಚಿದ್ದನ್ನೆಲ್ಲ ನೆಕ್ಕುವುದರಿಂದ ಆ ವಿಷವು ಹೊಟ್ಟೆಗೆ ಸೇರಿ ಪ್ರಾಣಹಾನಿಯಾಗಬಹುದು. ಮನುಷ್ಯರ ನೋವಿನ ಗುಳಿಗೆಗಳನ್ನೂ ಕೊಡಬಾರದು.

ಎರಡು ಮೂರು ದಿನಗಳಲ್ಲಿ ಗುಣ ಕಾಣದಿದ್ದರೆ, ಅಥವಾ ಕೀವು, ಬಾವು, ಕುಂಟುವಿಕೆಗಳಿದ್ದರೆ ಸಮೀಪದ ಪಶುವೈದ್ಯಾಲಯಕ್ಕೆ ಒಯ್ಯಬೇಕು. ಬೆಂಗಳೂರಿನಲ್ಲಿರುವವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಆದರೆ ಹಿಂದೆ ಬೇರೆ ನಾಯಿಯು ಕಚ್ಚಿದ ಜಾಗವನ್ನು ಎಡೆಬಿಡದೆ ಕಡಿದುಕೊಳ್ಳುತ್ತ, ಸ್ವಭಾವ ಕೆಟ್ಟು ಜೊಲ್ಲು ಸುರಿಸುವ ನಾಯಿಯನ್ನು ಯಾರೂ ಮುಟ್ಟಕೂಡದು. ಅದು ಹುಚ್ಚುನಾಯಿ ರೋಗವಾಗಿರಬಹುದು. ಒಡನೆಯೇ ಪಶುವೈದ್ಯರಿಗೆ ತಿಳಿಸಿ, ಅದರ ಕಡಿತಕ್ಕೋ ಜೊಲ್ಲಿಗೋ ಈಡಾದವರು ಆ ಜಾಗವನ್ನು ಸೋಪು ನೀರಿನಿಂದ ೧೫ ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗ್ರಾಮದ ಹಿರಿಯರು ತಮ್ಮ ಊರಿನ ನಾಯಿಗಳಿಗೆಲ್ಲ ವರ್ಷಕ್ಕೊಮ್ಮೆ ಈ ರೋಗದ ಲಸಿಕೆಯನ್ನು ಹಾಕಿಸುವ ಏರ್ಪಾಡನ್ನು ಮುಂದೆ ನಿಂತು ನಡೆಸಿದರೆ, ನಾಯಿಗಳಿಗೂ ಊರಿಗೂ ಕ್ಷೇಮ.